ಕಿವಿಯ ದಾಸೋಹ

ಶ್ರಾವಣ ಮಾಸ ಬಂತೆಂದರೆ ನಮ್ಮ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಪ್ರವಚನದ ಧ್ವನಿ ಕೇಳಿಬರುತ್ತದೆ. ಸೇಡಂ ಇರಲಿ, ಚಿತ್ತಾಪುರ ಇರಲಿ, ಅತ್ತ ಚಿಂಚೋಳಿಯ ಗುಡ್ಡದ ಊರುಗಳಿರಲಿ, ಇತ್ತ ವಾಡಿ, ಶಹಾಬಾದಿನ ಕಲ್ಲು ಸಿಮೆಂಟಿನ ಓಣಿಗಳಿರಲಿ, ಹೊಲದ ಕೆಲಸ ಮುಗಿಸಿಕೊಂಡು, ಕಾರ್ಖಾನೆಯ ಪಾಳಿ ಮುಗಿಸಿಕೊಂಡು ಜನರು ಗುಡಿಯ ಅಂಗಳದಲ್ಲಿ ಬಂದು ಕೂಡುತ್ತಾರೆ. ಹಿರಿಯರು ಕಂಬಕ್ಕೆ ಆತು ಕೂಡುತ್ತಾರೆ, ತಾಯಂದಿರು ಮಗ್ಗುಲಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಕೂಡುತ್ತಾರೆ. ನಾವು ಹೇಳುತ್ತೇವೆ, ಅವರು ಕೇಳುತ್ತಾರೆ. ಇದು ಎಷ್ಟೋ ಕಾಲದಿಂದ ನಡೆದು ಬಂದ ಪದ್ಧತಿ. ಆದರೆ ಹೇಳುವವರು ಕೇಳಬೇಕಾದ ಪ್ರಸಂಗವೂ ಒಮ್ಮೊಮ್ಮೆ ಬರುತ್ತದೆ. ಈ ವಾರ ಅಂಥದೊಂದು ಪ್ರಸಂಗವನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ಮೊದಲೇ ಒಂದು ಮಾತು. ಇಲ್ಲಿ ಬರುವ ಹುಡುಗನ ಹೆಸರನ್ನಾಗಲಿ, ಊರನ್ನಾಗಲಿ, ಶಾಲೆಯನ್ನಾಗಲಿ ನಾವು ಹೇಳುವುದಿಲ್ಲ. ಗುರುತು ಸಿಕ್ಕರೆ ಆ ಮಗುವಿನ ನೋವು ಮತ್ತೆ ಊರ ಬಾಯಿಗೆ ಬೀಳುತ್ತದೆ. ಆದ್ದರಿಂದ ಎರಡು ಮೂರು ಮನೆಗಳಲ್ಲಿ ಕಂಡು ಕೇಳಿದ್ದನ್ನು ಒಂದೇ ಮನೆಯದೆಂಬಂತೆ ಕೂಡಿಸಿ ಹೇಳುತ್ತಿದ್ದೇವೆ. ಹೀಗಾಗಿ ಇದು ಯಾರ ಮನೆಯದು ಎಂದು ಹುಡುಕಲು ಹೋಗಬೇಡಿರಿ. ನಮ್ಮ ಮನೆಯಲ್ಲಿಯೂ ಇಂಥ ಮಗು ಇದೆಯೇನು ಎಂದು ಒಮ್ಮೆ ನೋಡಿಕೊಳ್ಳಿರಿ.

ತಿರುಗಿ ಕೊಡಲಿಕ್ಕೆ ಬರುತ್ತದೇನು?

ಅಂದು ನಾವು ಹೇಳಿದ ವಿಷಯ ನರಜನ್ಮದ ಹಿರಿಮೆ. ಹುಟ್ಟಿ ಬರುವುದು ಎಷ್ಟು ದುರ್ಲಭ, ಬಂದದ್ದನ್ನು ವ್ಯರ್ಥ ಮಾಡಿಕೊಳ್ಳಬಾರದು ಎಂದು ದೃಷ್ಟಾಂತಗಳನ್ನು ಕೊಟ್ಟು ಒಂದೂವರೆ ತಾಸು ಹೇಳಿದೆವು. ಜನರು ತಲೆದೂಗಿದರು. ಮಂಗಳಾರತಿ ಆಯಿತು, ಪ್ರಸಾದ ಆಯಿತು, ಎಲ್ಲರೂ ಮನೆಗೆ ಹೋದರು. ಒಂಬತ್ತನೆಯ ತರಗತಿಯ ವಯಸ್ಸಿನ ಒಬ್ಬ ಹುಡುಗ ಮಾತ್ರ ಜಮಖಾನೆ ಸುತ್ತುವ ನೆಪದಲ್ಲಿ ಅಲ್ಲಿಯೇ ಸುಳಿದಾಡುತ್ತಿದ್ದ. ಕರೆದೆವು. ಹತ್ತಿರ ಬಂದು ಕಾಲುಮುಟ್ಟಿ ನಮಸ್ಕರಿಸಿ, ತಲೆ ಎತ್ತದೆಯೇ ಕೇಳಿದ:

“ಅಪ್ಪಾವ್ರೇ, ಮನುಷ್ಯಾ ಜನ್ಮ ಪುಣ್ಯಾ ಮಾಡಿದವ್ರಿಗಿ ಸಿಗ್ತದ ಅಂದ್ರಿ. ನಂಗ ಇದು ಸಾಕಾಗ್ಯಾದ್ರಿ. ತಿರುಗಿ ಕೊಡ್ಲಿಕ್ಕ ಬರ್ತದೇನ್ರಿ?”

ಇಲ್ಲಿ ಬರೆದಷ್ಟು ಸರಾಗವಾಗಿ ಅವನು ಹೇಳಲಿಲ್ಲ. ಹುಡುಗನಿಗೆ ಉಗ್ಗು. ಒಂದೊಂದು ಅಕ್ಷರಕ್ಕೂ ಗಂಟಲಲ್ಲಿ ತಡೆ. ಆ ಮೂರು ಮಾತು ಹೊರಬೀಳಲು ಬಹಳ ಹೊತ್ತು ಹಿಡಿಯಿತು, ಹಣೆಯ ಮೇಲೆ ಬೆವರು ಬಂತು.

ನಾವು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಆ ಮಾತು ಕೇಳಿದ ಕೂಡಲೆ ನಮಗೆ ಗಾಬರಿಯಾಯಿತು. ಗಾಬರಿಯಾದಾಗ ಉಪದೇಶ ಮಾಡುವುದು ನಮ್ಮಂಥವರ ಚಾಳಿ. ಹಾಗೆಲ್ಲ ಅನ್ನಬಾರದು, ಅದು ಪಾಪ, ತಂದೆತಾಯಿಗಳ ಮುಖ ನೋಡು, ಧೈರ್ಯ ತಂದುಕೋ, ದಿನಾ ಪೂಜೆ ಮಾಡು ಎಂದು ಒಂದೇ ಉಸಿರಿನಲ್ಲಿ ಹೇಳಿದೆವು. ಹುಡುಗ “ಹೂಂ ರೀ” ಎಂದ. ಅವನ ಮುಖ ಕದ ಹಾಕಿದ ಮನೆಯ ಹಾಗಾಯಿತು. ಅವನು ಒಂದು ಪ್ರಶ್ನೆ ಕೇಳಿದ್ದ, ನಾವು ಇನ್ನೊಂದು ಪ್ರವಚನ ಮಾಡಿದ್ದೆವು.

ಅವನು ಎದ್ದು ಹೊರಟಿದ್ದ. ಅಷ್ಟರಲ್ಲಿ ಅಡುಗೆಯ ಪಾತ್ರೆ ಬೆಳಗುತ್ತಿದ್ದ ಒಬ್ಬ ಮುದುಕಿ ಅಲ್ಲಿಂದಲೇ ಕೂಗಿ ಕೇಳಿದಳು: “ಉಂಡಿಯೇನೋ ಯಪ್ಪಾ?” ಹುಡುಗ ಮಾತಾಡಲಿಲ್ಲ. ಮುಂಜಾನೆಯಿಂದ ಅವನು ಉಂಡಿರಲಿಲ್ಲ. ಆಕೆ ಕೈ ಒರೆಸಿಕೊಂಡು ಬಂದು ಅವನನ್ನು ಒಲೆಯ ಬದಿಗೆ ಕೂಡಿಸಿದಳು. ಉಳಿದಿದ್ದ ಹುಗ್ಗಿ, ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಏನೂ ಕೇಳಲಿಲ್ಲ. ಎದುರಿಗೆ ಕೂತು ಪಾತ್ರೆ ತಿಕ್ಕತೊಡಗಿದಳು. ನಾವೂ ಹೋಗಿ ಹೊಸ್ತಿಲ ಮೇಲೆ ಕೂತೆವು, ಈ ಸಲ ಬಾಯಿ ಮುಚ್ಚಿಕೊಂಡು.

ಅರ್ಧ ತಾಸಿನ ಮೇಲೆ ಹುಡುಗ ತಾನಾಗಿಯೇ ಹೇಳತೊಡಗಿದ. ತರಗತಿಯಲ್ಲಿ ಪಾಠ ಓದಲು ಎಬ್ಬಿಸಿದಾಗಲೆಲ್ಲ ಹಿಂದಿನ ಸಾಲಿನ ಹುಡುಗರು ಅವನಂತೆ ಉಗ್ಗುತ್ತಾರೆ. ಅವನ ಹೆಸರು ಈಗ ಯಾರ ಬಾಯಲ್ಲಿಯೂ ಇಲ್ಲ, ಎಲ್ಲರಿಗೂ ಅವನು ‘ಉಗ್ಗ್ಯಾ’. ಒಂದು ದಿನ ಒಬ್ಬ ಶಿಕ್ಷಕರೂ ಕೂಡಿ ನಕ್ಕರು. ಅಂದಿನಿಂದ ಹುಡುಗರಿಗೆ ಹಿಡಿತವೇ ಇಲ್ಲದಾಯಿತು. ಅವನು ಓದುವಾಗ ಒಬ್ಬ ಮೊಬೈಲಿನಲ್ಲಿ ಹಿಡಿದುಕೊಂಡು, ಅದಕ್ಕೆ ಹಾಡು ಕೂಡಿಸಿ, ಎಲ್ಲರ ಮೊಬೈಲಿಗೂ ಕಳಿಸಿದ. ಮೊದಲು ಶಾಲೆ ಬಿಟ್ಟರೆ ಗೋಳು ಬಿಡುತ್ತಿತ್ತು, ಈಗ ಅದು ಮನೆಯ ತನಕ, ಬೀಗರ ಮನೆಯ ತನಕ ಬೆನ್ನು ಹತ್ತಿತು. ತಂದೆ ಪರ್ಸಿ ಕಲ್ಲಿನ ಖಣಿಯಲ್ಲಿ ದುಡಿಯುವವನು, ನಸುಕಿನಲ್ಲಿ ಹೋಗಿ ರಾತ್ರಿ ಬರುತ್ತಾನೆ. ಅವನ ಮುಂದೆ ಹೇಳಿದರೆ, “ಗಂಡ್ಸಿದ್ದಿ, ಎರಡು ಬಾರಿಸಿ ಬಾ” ಎಂದನಂತೆ. ಮೂರು ದಿನದಿಂದ ಹುಡುಗ ಚೀಲ ಹಾಕಿಕೊಂಡು ಶಾಲೆಗೆಂದು ಹೊರಟು, ಸಂಜೆಯ ತನಕ ಹಳ್ಳದ ದಂಡೆಯಲ್ಲಿ ಕೂತು ಬರುತ್ತಿದ್ದ.

“ಎಲ್ಲಾರೂ ನಗ್ಲತ್ತಾರ್ರಿ. ನಾ ಇರ್ಲಿಲ್ಲಂದ್ರ ಯಾರಿಗಿ ಏನಾಗ್ತದ್ರಿ?” ಎಂದ.

ಆಗ ನಾವು ಧೈರ್ಯ ಮಾಡಿ ನೇರವಾಗಿಯೇ ಕೇಳಿದೆವು: “ಜೀವಾ ಕಳಕೋಬೇಕಂತ ಮನಸಿನ್ಯಾಗ ಬಂದದೇನಪ್ಪಾ?” ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಬಂದದೆ ಎಂದು ತಲೆಯಾಡಿಸಿದ. ಅಷ್ಟು ಹೊತ್ತು ಅವನ ಎದೆಯ ಮೇಲಿದ್ದ ಹಾಸುಗಲ್ಲು ಸ್ವಲ್ಪ ಸರಿದಂತೆ ನಮಗೆ ಕಂಡಿತು. ಅವನನ್ನು ಒಬ್ಬನನ್ನೇ ಕಳಿಸಲಿಲ್ಲ. ನಾವೂ ಆ ಮುದುಕಿಯೂ ಬ್ಯಾಟರಿ ಹಿಡಿದುಕೊಂಡು ಅವನ ಮನೆಗೆ ಹೋದೆವು.

ಮಳಖೇಡದ ಹೊರಗಿನ ತೋಟ

ಮರುದಿನ ಸೇಡಂ ಕಡೆಗೆ ಹೊರಟಾಗ ಮಳಖೇಡದ ಹತ್ತಿರ ಕಾಗಿಣಾ ದಾಟಿದೆವು. ಹೊಳೆಯ ದಂಡೆಯ ಆ ಹಳೆಯ ಕೋಟೆಯನ್ನು ನೀವೆಲ್ಲ ಬಲ್ಲಿರಿ. ಅದು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ನೃಪತುಂಗನ ಹೆಸರನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದೇ ಊರಿನ ಹೊರಗಿನ ತೋಟದಲ್ಲಿ ಸಾವಿರ ವರ್ಷದ ಹಿಂದೆ ಒಬ್ಬ ಮನುಷ್ಯ ಊರೊಳಗೆ ಕಾಲಿಡಲು ಒಲ್ಲದೆ ಕೂತಿದ್ದ ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಅಂದು ನಮಗೆ ಅವನು ನೆನಪಾದ.

ಅವನ ಹೆಸರು ಪುಷ್ಪದಂತ. ಅಪಭ್ರಂಶ ಭಾಷೆಯ ಮಹಾಕವಿ. ತಂದೆ ಕೇಶವಭಟ್ಟ, ತಾಯಿ ಮುಗ್ಧಾದೇವಿ. ಅವರು ಮೊದಲು ಶಿವಭಕ್ತರಾಗಿದ್ದು ಆಮೇಲೆ ಜೈನರಾದರು. ಹೂವಿನಂಥ ಹಲ್ಲುಳ್ಳವನು ಎಂದು ಹೆಸರಿನ ಅರ್ಥ. ಆದರೆ ಮೈ ಕಪ್ಪು, ಶರೀರ ಕೃಶ, ರೂಪ ಚೆಲುವಲ್ಲ. ಇದನ್ನು ಬೇರೆಯವರು ಹೇಳಿದ್ದಲ್ಲ, ತನ್ನ ಕಾವ್ಯದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಸ್ವಾಭಿಮಾನ ಬಹಳ. ಅಭಿಮಾನಮೇರು ಎಂಬುದು ಅವನ ಬಿರುದು. ಬೇರೆ ಅರಸನೊಬ್ಬನ ಆಶ್ರಯದಲ್ಲಿ ಮನನೊಂದು, ಅದನ್ನು ಬಿಟ್ಟು, ದೂರದ ದಾರಿ ನಡೆದು ಬಳಲಿ ಮಾನ್ಯಖೇಟದ ಹೊರಗೆ ಬಂದು ಕೂತ. ಅಲ್ಲಿಗೆ ಬಂದ ಇಬ್ಬರು, ಇಷ್ಟು ದೊಡ್ಡ ಪಟ್ಟಣ ಎದುರಿಗಿದೆ, ಒಳಗೆ ಯಾಕೆ ಬರುವುದಿಲ್ಲ ಎಂದು ಕೇಳಿದರು. ದುಷ್ಟರ ಗಂಟಿಕ್ಕಿದ ಹುಬ್ಬನ್ನು ನೋಡುವುದಕ್ಕಿಂತ ಬೆಟ್ಟದ ಗವಿಯಲ್ಲಿ ಹುಲ್ಲು ತಿಂದು ಬದುಕುವುದೇ ಲೇಸು, ಹುಟ್ಟುತ್ತಲೇ ಸತ್ತಿದ್ದರೂ ಚೆನ್ನಾಗಿತ್ತು ಎಂಬ ಅರ್ಥದಲ್ಲಿ ಆತ ಉತ್ತರ ಕೊಟ್ಟ.

ನಮ್ಮ ಹುಡುಗ ಹಳ್ಳದ ದಂಡೆಯಲ್ಲಿ ಕೂತಿದ್ದ, ಆ ಮಹಾಕವಿ ಹೊಳೆಯ ಊರಿನ ತೋಟದಲ್ಲಿ ಕೂತಿದ್ದ. ಇಬ್ಬರ ಮಾತೂ ಒಂದೇ. ಶಾಸ್ತ್ರಗಳನ್ನೆಲ್ಲ ಓದಿದ ಪಂಡಿತನಿಗೇ ಅಪಮಾನ ಇಷ್ಟು ಆಳಕ್ಕೆ ಇಳಿದಿತ್ತೆಂದ ಮೇಲೆ, ಹದಿನಾಲ್ಕು ವರ್ಷದ ಮಗುವಿಗೆ ಅದು ಎಷ್ಟು ಚುಚ್ಚೀತು? ಅಷ್ಟಕ್ಕೇ ಯಾಕೆ ಅಳುತ್ತೀ ಎಂದು ಮಕ್ಕಳಿಗೆ ಹೇಳುವವರು ಇದನ್ನು ನೆನಪಿನಲ್ಲಿಡಬೇಕು.

ಆಗ ಮುಮ್ಮಡಿ ಕೃಷ್ಣನ ಆಳಿಕೆ. ಅವನ ಮಂತ್ರಿ ಭರತ. ಆ ಇಬ್ಬರು ಪುಷ್ಪದಂತನನ್ನು ಒಡಂಬಡಿಸಿ ಭರತನ ಮನೆಗೆ ಕರೆದುಕೊಂಡು ಹೋದರು. ಭರತ ಏನು ಮಾಡಿದ ಎಂಬುದನ್ನು ಹಿರಿಯರು ಲಕ್ಷ್ಯಗೊಟ್ಟು ಕೇಳಬೇಕು.

ಮೊದಲನೆಯದು, ಅವನು ಉಪದೇಶ ಮಾಡಲಿಲ್ಲ. ಸ್ನಾನಕ್ಕೆ ನೀರು, ಉಣ್ಣಲು ಅನ್ನ, ಉಡಲು ಬಟ್ಟೆ, ಮಲಗಲು ಜಾಗ ಕೊಟ್ಟ. ಕೆಲವು ದಿನ ಹಾಗೆಯೇ ಇರಲು ಬಿಟ್ಟ.

ಎರಡನೆಯದು, ದಣಿವಾರಿದ ಮೇಲೆ ಒಂದು ಕೆಲಸ ಕೊಟ್ಟ. ಮಹಾಪುರಾಣವನ್ನು ನೀನೇ ಬರೆಯಬೇಕು ಎಂದು ಕೇಳಿಕೊಂಡ. ಅಂದರೆ ನೀನು ನಮಗೆ ಬೇಕಾದವನು ಎಂದು ಬಾಯಿಮಾತಿನಲ್ಲಿ ಹೇಳದೆ ಕಾಯಕದ ಮೂಲಕ ತಿಳಿಸಿದ. ಜನ ಹಳಿಯುತ್ತಾರೆ ಎಂದು ಕವಿ ಹಿಂಜರಿದಾಗಲೂ ಭರತ ಬಿಡಲಿಲ್ಲ. ಕ್ರಿ. ಶ. 959ರಲ್ಲಿ ಕಾವ್ಯ ಆರಂಭವಾಯಿತು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಆದಿಪುರಾಣದ ಭಾಗ ಮುಗಿದ ಮೇಲೆ ಪುಷ್ಪದಂತನಿಗೆ ಮತ್ತೆ ಮನಸ್ಸು ಕುಸಿಯಿತು. ಬರವಣಿಗೆ ನಿಂತಿತು. ಕನಸಿನಲ್ಲಿ ಸರಸ್ವತಿ ಬಂದು ನುಡಿದಳೆಂದು, ಎಚ್ಚತ್ತು ನೋಡಿದರೆ ಯಾರೂ ಇರಲಿಲ್ಲವೆಂದು ಅವನೇ ಬರೆದಿದ್ದಾನೆ. ಆಗ ಭರತ ಎರಡನೆಯ ಸಲ ಬಂದ. ಇಷ್ಟೆಲ್ಲ ಮಾಡಿದೆ, ಮತ್ತೆ ಇದೇನು ಎಂದು ಸಿಡಿಮಿಡಿ ಮಾಡಲಿಲ್ಲ. ಕೈಮುಗಿದು, ಯಾಕೆ ಬೇಸರ, ನನ್ನಿಂದೇನಾದರೂ ತಪ್ಪಾಯಿತೇ ಎಂದು ಕೇಳಿದ. ನಿನ್ನ ಮನೆಯಲ್ಲಿ ನಾನು ಹಣಕ್ಕಾಗಿ ಇಲ್ಲ, ನಿನ್ನ ಅಕ್ಕರೆಗಾಗಿ ಇದ್ದೇನೆ ಎಂಬ ಭಾವದಲ್ಲಿ ಕವಿ ಉತ್ತರಿಸಿ ಮತ್ತೆ ಲೇಖನಿ ಹಿಡಿದ. 965ರಲ್ಲಿ 102 ಸಂಧಿಗಳ ಮಹಾಪುರಾಣ ಪೂರ್ತಿಯಾಯಿತು. ಮುಂದೆ ಭರತನ ಮಗ ನನ್ನನ ಆಶ್ರಯದಲ್ಲಿ ಇನ್ನೆರಡು ಕಾವ್ಯ ಬರೆದ. 972ರಲ್ಲಿ ಪರಮಾರರು ಮಾನ್ಯಖೇಟವನ್ನು ಸುಲಿಗೆ ಮಾಡಿದರು. ಅರಮನೆ ಹೋಯಿತು, ವೈಭವ ಹೋಯಿತು. ಅಂದು ತೋಟದಲ್ಲಿ ಸಾವೇ ಲೇಸೆಂದವನ ಕಾವ್ಯ ಮಾತ್ರ ಇಂದಿಗೂ ಉಳಿದಿದೆ.

ಅನ್ನ, ಕಾಯಕ, ಮತ್ತೆ ಬಂದು ಕೇಳುವ ಅಕ್ಕರೆ. ಈ ಮೂರರಲ್ಲಿ ಮೊದಲನೆಯದನ್ನು ಆ ರಾತ್ರಿ ನಮಗಿಂತ ಮೊದಲು ಮಾಡಿದವಳು ಪಾತ್ರೆ ಬೆಳಗುತ್ತಿದ್ದ ಮುದುಕಿ.

ಮುತ್ಯಾನ ಪೇಪರು

ಇನ್ನು ಹುಡುಗನ ಮನೆಯ ಸಂಗತಿ. ಅಂದು ರಾತ್ರಿ ಬಾಗಿಲು ತೆರೆದವನು ಅವನ ಮುತ್ಯಾ. ಎಪ್ಪತ್ತು ದಾಟಿದವನು. ಕಣ್ಣಿಗೆ ಅಕ್ಷರ ಕಾಣಿಸುವುದಿಲ್ಲ, ಕಿವಿಯೂ ಮಂದ. ನಾವು ಸಂಗತಿಯನ್ನು ಅವನ ಕಿವಿಯ ಹತ್ತಿರ ಬಾಯಿಟ್ಟು ಹೇಳಬೇಕಾಯಿತು. ಕೇಳಿ ಆ ಹಿರಿಯ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಮೊಮ್ಮಗನ ಕೈ ಹಿಡಿದು ತನ್ನ ಬದಿಗೆ ಕೂಡಿಸಿಕೊಂಡು ಕೇಳಿದ: “ನೀ ಇಲ್ಲಂದ್ರ ನಂಗ ಪೇಪರ್ ಯಾರ್ ಓದ್ತಾರೋ?”

ಆಗ ನಮಗೆ ತಿಳಿದುಬಂತು. ಎರಡು ವರ್ಷದಿಂದ ದಿನಾಲು ಸಂಜೆ ಆ ಹುಡುಗ ಮುತ್ಯಾಗೆ ಪತ್ರಿಕೆ ಓದಿ ಹೇಳುತ್ತಿದ್ದ. ತೊಗರಿಯ ಧಾರಣೆ, ಮಳೆಯ ಸುದ್ದಿ, ಊರಿನ ಜಾತ್ರೆಯ ಸುದ್ದಿ, ಈ ಅಂಕಣ ಎಲ್ಲವನ್ನೂ. ಶಾಲೆಯಲ್ಲಿ ಒಂದು ಸಾಲು ಓದಲು ಹೆದರುವ ಹುಡುಗ ಮನೆಯ ಕಟ್ಟೆಯ ಮೇಲೆ ಒಂದು ಪುಟ ಓದುತ್ತಿದ್ದ. ಉಗ್ಗುತ್ತಿರಲಿಲ್ಲವೇ? ಉಗ್ಗುತ್ತಿದ್ದ. ಮುತ್ಯಾ ಹೇಳಿದ:

“ಬ್ಯಾರೇದವ್ರು ಓದಿದ್ರ ಬಸ್ ಓಡಿದಂಗ ಆಗ್ತದ್ರಿ ಅಪ್ಪಾವ್ರೇ, ನನ್ನ ಕಿವಿಗಿ ಹತ್ಲಿಕ್ಕ ಆಗಲ್ಲ. ಇಂವ ನಿಂದ್ರಿಸಿ ನಿಂದ್ರಿಸಿ ಓದ್ತಾನ. ನಾ ಸಾವಕಾಶ ಹತ್ತಿ ಕೂಡ್ತೀನಿ.”

ಹುಡುಗ ಮೊದಲ ಸಲ ತಲೆಯೆತ್ತಿ ನೋಡಿದ. ಯಾರಿಗೆ ಏನಾಗುತ್ತದೆ ಎಂದು ಅವನು ಕೇಳಿದ್ದನಲ್ಲ, ಆ ಪ್ರಶ್ನೆಗೆ ಉತ್ತರ ಅವನ ಮನೆಯಲ್ಲಿಯೇ ಇತ್ತು. ಆದರೆ ಎರಡು ವರ್ಷದಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮ ಹಿರಿಯರಿಗೆ ಇದೊಂದು ರೋಗವಿದೆ. ಮಕ್ಕಳ ತಪ್ಪನ್ನು ಊರಿಗೆಲ್ಲ ಕೇಳುವಂತೆ ಹೇಳುತ್ತೇವೆ, ಅವರಿಂದಾದ ಉಪಕಾರವನ್ನು ಮನಸ್ಸಿನಲ್ಲಿಯೇ ಇಟ್ಟುಕೊಳ್ಳುತ್ತೇವೆ.

ಇಷ್ಟರಿಂದ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮರುದಿನ ತಂದೆ ಖಣಿಗೆ ಹೋಗದೆ ಮಗನ ಜೊತೆಗೆ ಶಾಲೆಗೆ ಹೋದ. ಬಾರಿಸಿ ಬಾ ಎಂದವನು ಅಂದು ಮುಖ್ಯೋಪಾಧ್ಯಾಯರ ಮುಂದೆ ಕಣ್ಣೀರು ಹಾಕಿದ. ಮುಖ್ಯೋಪಾಧ್ಯಾಯರು ಆ ಹುಡುಗರ ತಂದೆತಾಯಿಗಳನ್ನು ಕರೆಸಿದರು, ಮೊಬೈಲಿನಲ್ಲಿದ್ದುದನ್ನು ಅಳಿಸಿಹಾಕಿಸಿದರು. ನಕ್ಕ ಶಿಕ್ಷಕರು ಹುಡುಗನನ್ನು ಕರೆದು ತಪ್ಪಾಯಿತಪ್ಪಾ ಎಂದರು. ದೊಡ್ಡವರು ಚಿಕ್ಕವರ ಕ್ಷಮೆ ಕೇಳುವುದು ನಮ್ಮಲ್ಲಿ ಅಪರೂಪ. ಅದನ್ನು ಕಂಡ ಹುಡುಗರಿಗೆ ಅದೇ ದೊಡ್ಡ ಪಾಠವಾಯಿತು. ದೊಡ್ಡ ಆಸ್ಪತ್ರೆಯ ಮನೋವೈದ್ಯರ ಹತ್ತಿರವೂ ಮಗುವನ್ನು ಒಯ್ದು ತೋರಿಸಿದರು.

ಆದರೂ ಎರಡು ತಿಂಗಳಾದ ಮೇಲೆ ಹುಡುಗ ಮತ್ತೆ ಮಂಕಾದ. ಬಸ್ಸಿನಲ್ಲಿ ಯಾರೋ ಹಳೆಯ ಹೆಸರಿನಿಂದ ಕರೆದರಂತೆ. ಮನೆಯವರು, “ಮುಗ್ದು ಹೋಯ್ತಲ್ಲ, ಮತ್ತೇನು?” ಎನ್ನುವುದರಲ್ಲಿದ್ದರು. ಆಗ ನಾವು ಭರತನ ಎರಡನೆಯ ಸಲದ ಕಥೆ ಹೇಳಿದೆವು. ಇಂಥ ನೋವು ಒಂದು ಸಲದ ಔಷಧಿಯಿಂದ ಹೋಗುವ ಜ್ವರವಲ್ಲ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಬಂದಷ್ಟು ಸಲವೂ ಬದಿಯಲ್ಲಿ ಕೂಡುವವರು ಬೇಕು. ಇಂದಿಗೂ ಅವನಿಗೆ ಉಗ್ಗು ಇದೆ. ಸಂಜೆಯ ಓದು ಕೂಡ ನಡೆದಿದೆ.

ನಾಲಿಗೆಯ ಲೆಕ್ಕ

ಭಕ್ತರೇ, ಇದು ಉಗ್ಗಿನ ಹುಡುಗನೊಬ್ಬನ ಕಥೆಯಾಯಿತು. ಆದರೆ ಊರೂರಿಗೆ ಹಾಸ್ಯದ ವಸ್ತು ಬೇರೆ. ಶಹಾಬಾದಿನಲ್ಲಿ ಕಲ್ಲಿನ ಧೂಳು ಮೆತ್ತಿದ ಅಂಗಿಯ ಮಗುವನ್ನು ನಗುತ್ತಾರೆ. ವಾಡಿಯ ರೈಲ್ವೆ, ಸಿಮೆಂಟ್ ಕಾಲೋನಿಗಳಿಗೆ ಬೇರೆ ಸೀಮೆಯಿಂದ ಬಂದವರ ಮಕ್ಕಳ ಕನ್ನಡವನ್ನು ಅಣಕಿಸುತ್ತಾರೆ. ಚಿಂಚೋಳಿಯ ತಾಂಡಾದಿಂದ ಬರುವ ಹುಡುಗಿಯ ಮಾತನ್ನು, ಉಡುಪನ್ನು ಆಡಿಕೊಳ್ಳುತ್ತಾರೆ. ಎಲ್ಲೆಲ್ಲಿಯೂ ಕಪ್ಪಗಿದ್ದವನಿಗೆ ಒಂದು ಹೆಸರು, ದಪ್ಪಗಿದ್ದವಳಿಗೆ ಒಂದು ಹೆಸರು, ಜಾತಿಗೊಂದು ಹೆಸರು. ಈ ಹೆಸರುಗಳನ್ನು ಮಕ್ಕಳು ಎಲ್ಲಿ ಕಲಿತರು? ನಮ್ಮ ಕಟ್ಟೆಯ ಮೇಲೆ, ನಮ್ಮ ಬಾಯಿಂದ. ಕುಂಟ, ಕಿವುಡ, ಕರಿಯ ಎಂದು ನಾವು ಹಾಸ್ಯಕ್ಕೆ ಕರೆದದ್ದನ್ನು ಅವರು ಶಾಲೆಗೆ ಒಯ್ದು ಆಯುಧ ಮಾಡಿಕೊಂಡರು. ಎಲ್ಲರನ್ನೂ ನಮ್ಮವರೆಂದು ತಿಳಿಯಬೇಕೆಂಬ ಬಸವಣ್ಣನವರ ವಚನವನ್ನು ತಾಳ ಹಾಕಿ ಹಾಡುವ ನಾವು, ಗುಡಿಯಿಂದ ಹೊರಗೆ ಬಂದ ಕೂಡಲೆ ಅಡ್ಡಹೆಸರಿನಿಂದ ಕರೆದರೆ ಆ ಹಾಡು ಯಾರಿಗೆ ಮುಟ್ಟಿತು?

ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಭೀಮಾ ನದಿಯ ದಂಡೆಗೆ ಚಂದ್ರಲಾಂಬೆಯ ಗುಡಿಯಿದೆ. 1980ರ ದಶಕದಲ್ಲಿ ಅಲ್ಲಿಯ ಕಾಳಿಯ ಗುಡಿ ಕುಸಿದಾಗ ದೇವಿಯ ಪೀಠದ ಕಲ್ಲಿನ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಕಂಡುಬಂತು. ಅದರಲ್ಲಿ 12ನೆಯ ಶಿಲಾಶಾಸನದ ಭಾಗವೂ ಇದೆ. ಮಾತಿನಲ್ಲಿ ಹಿಡಿತವಿರಬೇಕು, ತನ್ನವರನ್ನು ಹೊಗಳಿ ಪರರನ್ನು ಹಳಿಯಬಾರದು ಎಂಬುದು ಆ ಶಾಸನದ ಸಾರ. ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಸಾಮ್ರಾಟ ನಮ್ಮ ಹೊಳೆಯ ದಂಡೆಯಲ್ಲಿ ಕಲ್ಲಿನ ಮೇಲೆ ಬರೆಸಿದ ಬುದ್ಧಿವಾದ ಇದು. ಕಲ್ಲು ಪೀಠದ ಕೆಳಗೆ ಮರೆಯಾಗಿತ್ತು. ಮಾತು ಮರೆಯಾಗದಿರಲಿ.

ಇನ್ನೊಬ್ಬರ ಮಗುವನ್ನು ನೋಯಿಸುವ ಮಗುವೂ ನಮ್ಮದೇ. ಅದನ್ನು ಹೊಡೆದರೆ ಹೊಡೆಯುವುದನ್ನೇ ಕಲಿಯುತ್ತದೆ. ಕೂಡಿಸಿ ಕೇಳಿರಿ, ನೊಂದವನ ಮನೆಗೆ ಕರೆದುಕೊಂಡು ಹೋಗಿರಿ. ನಗುವವರ ನಡುವೆ ನಗದೆ ನಿಂತು, ಬಾ ನನ್ನ ಬದಿಗೆ ಕೂಡು ಎನ್ನುವ ಒಬ್ಬ ಗೆಳೆಯನಿದ್ದರೂ ನೊಂದ ಮಗುವಿಗೆ ಆನೆಬಲ. ನಿಮ್ಮ ಮೊಮ್ಮಕ್ಕಳಿಗೆ ಆ ಗೆಳೆಯನಾಗಲು ಕಲಿಸಿರಿ.

ಹಿರಿಯರು ತಿಳಿದಿರಬೇಕಾದದ್ದು

ದೇಶದ ಅಪರಾಧ ದಾಖಲೆಗಳ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ದಿನಕ್ಕೆ 35ಕ್ಕಿಂತ ಹೆಚ್ಚು. ಪ್ರತಿಯೊಬ್ಬರ ಹಿಂದೆಯೂ ಒಂದು ಮನೆ ಇದೆ. ಇದಕ್ಕೆ ಕಾರಣ ಒಂದೇ ಇರುವುದಿಲ್ಲ, ಹಲವು ನೋವುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಆದ್ದರಿಂದ ತಡೆಯುವ ದಾರಿಗಳೂ ಹಲವು.

ಮಗು ಶಾಲೆಗೆ ಹೋಗಲು ಒಲ್ಲೆನೆಂದರೆ, ಊಟ ನಿದ್ದೆ ಬಿಟ್ಟರೆ, ಗೆಳೆಯರನ್ನು ಬಿಟ್ಟು ಒಂಟಿಯಾಗಿ ಕೂತರೆ, ಪ್ರೀತಿಯ ಸಾಮಾನನ್ನು ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ, ನಾನಿದ್ದು ಏನು ಪ್ರಯೋಜನ ಎಂದರೆ ಅದನ್ನು ಸೋಮಾರಿತನವೆಂದು, ಗಾಳಿ ಸೋಕಿದೆಯೆಂದು ತಳ್ಳಿಹಾಕಬೇಡಿರಿ. ಸಾಯುವ ವಿಚಾರ ಬಂದಿದೆಯೇ ಎಂದು ಶಾಂತವಾಗಿ ನೇರವಾಗಿ ಕೇಳಿರಿ. ಕೇಳಿದರೆ ಇಲ್ಲದ ವಿಚಾರ ಹುಟ್ಟುತ್ತದೆ ಎಂಬುದು ತಪ್ಪು ತಿಳುವಳಿಕೆ. ಕೇಳಿದರೆ ಭಾರ ಇಳಿಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಬಂದಿದೆ ಎಂದರೆ ಆ ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ತೊಗರಿಗೆ, ಹತ್ತಿಗೆ ಹೊಡೆಯುವ ಔಷಧಿಯನ್ನು ಮನೆಯಲ್ಲಿ ಕೈಗೆ ಸಿಗುವಂತೆ ಇಡಬೇಡಿರಿ. ಬೀಗದಲ್ಲಿಡಿರಿ, ಕೀಲಿಕೈ ಹಿರಿಯರ ಹತ್ತಿರ ಇರಲಿ. ಆ ಗಳಿಗೆ ದಾಟಿದರೆ ಎಷ್ಟೋ ಜೀವಗಳು ಉಳಿಯುತ್ತವೆ.

ಮನಸ್ಸಿನ ಬೇನೆಗೆ ವೈದ್ಯರಿದ್ದಾರೆ. ಕಲಬುರಗಿಯ ಜಿಲ್ಲಾ ಆಸ್ಪತ್ರೆಯಲ್ಲಿ ಅದಕ್ಕೆಂದೇ ವಿಭಾಗವಿದೆ. ನಿಮ್ಮ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿರಿ. 14416 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿಯೇ ಮಾತಾಡಬಹುದು, ಖರ್ಚಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಎಂಬ ಸರಕಾರಿ ವ್ಯವಸ್ಥೆ ಅದು. ಮಕ್ಕಳಿಗಾಗಿಯೇ ಇರುವ ಸಹಾಯವಾಣಿ 1098. ಈ ಎರಡೂ ಸಂಖ್ಯೆಗಳನ್ನು ಗುಡಿಯ ಗೋಡೆಗೆ, ಶಾಲೆಯ ಗೋಡೆಗೆ ಬರೆಸಿದರೆ ಅದೂ ಒಂದು ದಾಸೋಹವೇ. ಪೊಲೀಸರ ಕಾಟವಾದೀತೆಂದು ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಇಂಥ ಪ್ರಯತ್ನ ಮಾಡಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಶಿಕ್ಷೆಗೆ ಗುರಿಮಾಡದೆ ಆರೈಕೆ ಕೊಡಬೇಕೆನ್ನುತ್ತದೆ. ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯಾಗಲಿ ಮಾನಸಿಕ ಹಿಂಸೆಯಾಗಲಿ ಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಹೇಳುತ್ತದೆ. ಉಗ್ಗು ಇದ್ದವರಿಗೆ ಬುದ್ಧಿ ಕಡಿಮೆಯೆಂಬುದು ಸುಳ್ಳು. ಅದಕ್ಕೆ ತರಬೇತಿ ಕೊಡುವ ತಜ್ಞರಿದ್ದಾರೆ. ಮೈಸೂರಿನಲ್ಲಿ ಇದಕ್ಕಾಗಿಯೇ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಕೆಲಸ ಮಾಡುತ್ತಿದೆ.

ಮಗುವಿಗೊಂದು ಮಾತು

ಈ ಅಂಕಣವನ್ನು ಮುತ್ಯಾಗೋ ಆಯಿಗೋ ಓದಿ ಹೇಳುತ್ತಿರುವ ಮಗು ಯಾವುದಾದರೂ ಇದ್ದರೆ, ಈ ಕೊನೆಯ ಮಾತು ನಿನಗೆ.

ಮಳಖೇಡದ ಇನ್ನೊಂದು ಲೆಕ್ಕ ಕೇಳಪ್ಪಾ. ನೃಪತುಂಗ ಪಟ್ಟಕ್ಕೆ ಬಂದದ್ದು 814ರಲ್ಲಿ, ಹೆಚ್ಚುಕಡಿಮೆ ನಿನ್ನಷ್ಟೇ ವಯಸ್ಸು. ಚಿಕ್ಕ ಹುಡುಗನೆಂದು ತನ್ನವರೇ ಎದ್ದು ನಿಂತರು. ದಂಗೆಯಲ್ಲಿ ಕೆಲವು ಕಾಲ ಪಟ್ಟವೇ ಕೈಬಿಟ್ಟಿತು. ಚಿಕ್ಕಪ್ಪನ ಮಗ ಕರ್ಕ ಎಂಬವನು ಬೆನ್ನಿಗೆ ನಿಂತ, 821ರ ಹೊತ್ತಿಗೆ ಪಟ್ಟ ಮರಳಿ ಬಂತು. ಆಮೇಲೆ? 878ರ ತನಕ ಆಳಿದ. ಕಷ್ಟದ ವರ್ಷಗಳು ಕೆಲವು, ಒಟ್ಟು ಆಳಿದ್ದು ಸುಮಾರು 64 ವರ್ಷ. ಇಂದು ನಮಗೆ ಸಿಕ್ಕಿರುವ ಕನ್ನಡದ ಮೊಟ್ಟಮೊದಲ ಗ್ರಂಥವಾದ ಕವಿರಾಜಮಾರ್ಗ ಹುಟ್ಟಿದ್ದು ಆ ಹುಡುಗ ಬೆಳೆದು ದೊಡ್ಡವನಾದ ಮೇಲೆ, ಅವನ ಆಸ್ಥಾನದಲ್ಲಿ. ಆ ಕೆಟ್ಟ ವರ್ಷಗಳಲ್ಲಿ ನಿಂತು ನೋಡಿದರೆ ಮುಂದಿನದು ಯಾವುದೂ ಅವನ ಕಣ್ಣಿಗೆ ಬಿದ್ದಿರಲಾರದು. ನಿನಗೂ ಈಗ ಕಾಣುವುದಿಲ್ಲ. ಕಾಣುವುದಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದಲ್ಲ. ಶಾಲೆಯ ಆ ಕೋಣೆಯಲ್ಲಿ ನೀನು ಕೂಡುವುದು ಇನ್ನೊಂದೆರಡು ವರ್ಷ. ನಗುವವರು ಆಮೇಲೆ ತಮ್ಮ ತಮ್ಮ ದಾರಿ ಹಿಡಿದು ಹೋಗುತ್ತಾರೆ.

ನೀನು ಕರ್ಕನನ್ನು ಹುಡುಕು, ಭರತನನ್ನು ಹುಡುಕು. ಅವ್ವನ ಮುಂದೆ ಹೇಳು. ಅವ್ವ ಕೇಳದಿದ್ದರೆ ಮಾಮಾನ ಮುಂದೆ ಹೇಳು, ಒಬ್ಬ ಶಿಕ್ಷಕರು ಕೇಳದಿದ್ದರೆ ಇನ್ನೊಬ್ಬರ ಮುಂದೆ ಹೇಳು. ನಮ್ಮಂಥವರು ಉಪದೇಶ ಮಾಡತೊಡಗಿದರೆ ಬೇಸರಪಟ್ಟು ಎದ್ದು ಹೋಗಬೇಡ. ಇನ್ನೊಮ್ಮೆ ಹೇಳು, ನಾವು ಸುಮ್ಮನಾಗಲು ಕಲಿಯುತ್ತೇವೆ. ಹೇಳಲು ಎಷ್ಟು ಹೊತ್ತು ಹಿಡಿದರೂ ಹಿಡಿಯಲಿ. ನಿನ್ನ ಸಲುವಾಗಿ ಸಂಜೆ ಕಟ್ಟೆಯ ಮೇಲೆ ಕಾಯುವವರು ಇದ್ದಾರೆ.

ಭಕ್ತ ಬಾಂಧವರೇ, ಬೆಳೆದ ಹೊಲವನ್ನೇ ಹಕ್ಕಿಗಳಿಗೆ ಬಿಟ್ಟುಕೊಟ್ಟ ಮಹಾದಾಸೋಹಿ ಶರಣಬಸವೇಶ್ವರರ ಸೀಮೆ ನಮ್ಮದು. ಹಸಿದವನಿಗೆ ಅನ್ನವಿಕ್ಕುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮನೆಯಲ್ಲಿಯೇ ಮಾತಿಗೆ ಹಸಿದು ಕೂತ ಮಕ್ಕಳಿದ್ದಾರೆ. ಅವರಿಗೆ ಬೇಕಾದದ್ದು ಕಿವಿಯ ದಾಸೋಹ. ಆ ಮುತ್ಯಾನ ಕಿವಿ ಮಂದವಿದ್ದರೂ ಮೊಮ್ಮಗನ ಮಾತು ಅವನಿಗೆ ಕೇಳಿಸಿತು. ಇಂದು ಸಂಜೆ ಮೊಬೈಲು, ಟಿವಿ ಬದಿಗಿಟ್ಟು, ಮನೆಯ ಮಗುವನ್ನು ಹತ್ತಿರ ಕರೆದು, “ಉಂಡಿಯೇನೋ?” ಎಂದು ಮೊದಲು ಕೇಳಿರಿ. ಆಮೇಲೆ ಸುಮ್ಮನೆ ಕೂಡಿರಿ.